ಮೇಷ್ಟ್ರಿಗೂ ಒಂದು ಬೇಸಿಗೆ ಶಿಬಿರ

ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಒಂದು ಕೋತಿಯ ಸಮಾಧಿಯಿದೆ. ನೋಡಲು ಬಂದವರು ಅದರ ಮೇಲೆ ಬಾಳೆಹಣ್ಣು ಇಟ್ಟು ಹೋಗುತ್ತಾರೆ. ಮಿಸ್ ಬೇಕರ್ ಎಂಬ ಆ ಪುಟಾಣಿ ಕೋತಿ 1959ರ ಮೇ ತಿಂಗಳಲ್ಲಿ ಜ್ಯೂಪಿಟರ್ ಕ್ಷಿಪಣಿಯ ಮೂತಿಯಲ್ಲಿ ಕೂತು ಬಾಹ್ಯಾಕಾಶ ಮುಟ್ಟಿ ಬಂದು, 1984ರವರೆಗೂ ಬದುಕಿತ್ತು. ಸಮಾಧಿ ಇರುವುದು ಯು.ಎಸ್. ಸ್ಪೇಸ್ ಅಂಡ್ ರಾಕೆಟ್ ಸೆಂಟರ್ ಎಂಬ ವಸ್ತುಸಂಗ್ರಹಾಲಯದ ಆವರಣದಲ್ಲಿ. ಜೂನ್ ಬಂತೆಂದರೆ ಅದೇ ಆವರಣದಲ್ಲಿ ಗಗನಯಾತ್ರಿಗಳ ನೀಲಿ ಉಡುಪು ತೊಟ್ಟ ನಡುವಯಸ್ಸಿನ ಗಂಡಸರು, ಹೆಂಗಸರು ಗುಂಪುಗುಂಪಾಗಿ ಓಡಾಡುವುದು ಕಾಣುತ್ತದೆ. ಇವರೆಲ್ಲ ಶಾಲಾ ಶಿಕ್ಷಕರು. ರಜೆಯಲ್ಲಿ ಪಾಠ ಕಲಿಯಲು ಬಂದವರು.

ಹಂಟ್ಸ್‌ವಿಲ್ ಮೊದಲು ಹತ್ತಿ ಬೆಳೆಯುವ ಊರು. 1950ರಲ್ಲಿ ಜರ್ಮನ್ ರಾಕೆಟ್ ತಜ್ಞ ವೆರ್ನರ್ ಫಾನ್ ಬ್ರೌನ್ ತನ್ನ ತಂಡದೊಂದಿಗೆ ಇಲ್ಲಿಗೆ ಬಂದ ಮೇಲೆ ಊರಿನ ಜಾತಕವೇ ಬದಲಾಯಿತು. ಚಂದ್ರನತ್ತ ಮನುಷ್ಯರನ್ನು ಒಯ್ದ ಸ್ಯಾಟರ್ನ್-5 ರಾಕೆಟ್ ರೂಪುಗೊಂಡದ್ದು ನಾಸಾದ ಇಲ್ಲಿನ ಮಾರ್ಷಲ್ ಕೇಂದ್ರದಲ್ಲಿ. ಈ ಫಾನ್ ಬ್ರೌನ್ ಹಿಟ್ಲರನ ಕಾಲದಲ್ಲಿ ಕಟ್ಟಿದ ವಿ-2 ರಾಕೆಟ್‌ಗಳಿಗೆ ಸೆರೆಶಿಬಿರದ ಕೈದಿಗಳ ಬೆವರು, ನೆತ್ತರು ಹರಿದಿತ್ತೆಂಬುದನ್ನು ಮರೆತು ಅವನನ್ನು ಹೊಗಳುವಂತಿಲ್ಲ. ಆದರೆ ಇಲ್ಲಿನ ಬೇಸಿಗೆ ಶಿಬಿರದ ಮೂಲ ಯೋಚನೆ ಅವನದೇ ಎನ್ನುತ್ತಾರೆ. ಫುಟ್‌ಬಾಲಿಗೆ, ಬ್ಯಾಂಡಿಗೆ ಬೇಸಿಗೆ ಶಿಬಿರಗಳಿರುವಾಗ ವಿಜ್ಞಾನಕ್ಕೆ ಏಕಿಲ್ಲ ಎಂದು ಅವನು ಸಂಗ್ರಹಾಲಯದ ನಿರ್ದೇಶಕ ಎಡ್ವರ್ಡ್ ಬಕ್‌ಬೀಯನ್ನು ಕೇಳಿದನಂತೆ. ಅವನು ಸತ್ತು ಐದು ವರ್ಷದ ಮೇಲೆ, 1982ರಲ್ಲಿ, ಮಕ್ಕಳಿಗಾಗಿ 'ಸ್ಪೇಸ್ ಕ್ಯಾಂಪ್' ಶುರುವಾಯಿತು. ಮಕ್ಕಳ ಬೆನ್ನಿಗೇ ಅವರ ಮೇಷ್ಟ್ರುಗಳಿಗೂ ಬಾಗಿಲು ತೆರೆಯಿತು. 2004ರಿಂದ ಹನಿವೆಲ್ ಕಂಪನಿ ಖರ್ಚು ವಹಿಸಿಕೊಂಡು ಹಲವು ವರ್ಷ ನಡೆಸಿದ ತರಬೇತಿಗೆ ಹತ್ತಾರು ದೇಶಗಳಿಂದ ಎರಡು ಸಾವಿರಕ್ಕೂ ಹೆಚ್ಚು ಗಣಿತ, ವಿಜ್ಞಾನ ಶಿಕ್ಷಕರು ಬಂದು ಹೋದರು.

ಐದು ದಿನ, 45 ಗಂಟೆ. ಇಷ್ಟರಲ್ಲಿ ತರಗತಿ ಇದೆ, ಪ್ರಯೋಗಾಲಯ ಇದೆ, ಜೆಟ್ ವಿಮಾನ ಹಾರಿಸುವ ಸಿಮ್ಯುಲೇಟರ್ ಇದೆ, ನೀರಿಗೆ ಬಿದ್ದಾಗ ಪಾರಾಗುವ ಅಭ್ಯಾಸವೂ ಇದೆ. ನಮ್ಮಲ್ಲಿ ತರಬೇತಿ ಎಂದರೆ ಹಾಜರಿ ಪುಸ್ತಕಕ್ಕೆ ಸಹಿ, ಹನ್ನೊಂದಕ್ಕೆ ಟೀ ಬಿಸ್ಕತ್ತು, ಗೋಡೆಯ ಮೇಲೆ ಒಂದರ ಹಿಂದೊಂದು ಸ್ಲೈಡು ಎಂದುಕೊಂಡವರಿಗೆ ಇದು ಬೇರೆಯೇ ಲೋಕ.

ಎಲ್ಲರ ಕಣ್ಣು ಮೊದಲು ಬೀಳುವುದು ಒಂದರೊಳಗೊಂದು ಕೂರಿಸಿದ ಉಕ್ಕಿನ ಬಳೆಗಳ ಯಂತ್ರದ ಮೇಲೆ. ನಡುವಿನ ಕುರ್ಚಿಗೆ ಮೇಷ್ಟ್ರನ್ನು ಬಿಗಿದು ಕಟ್ಟಿ ತಿರುಗಿಸಿಬಿಡುತ್ತಾರೆ. ತಲೆ ಕೆಳಗೆ, ಕಾಲು ಮೇಲೆ, ಮತ್ತೆ ಅಡ್ಡಡ್ಡ. ಹಿಡಿತ ತಪ್ಪಿ ಉರುಳುವ ನೌಕೆಯಲ್ಲಿ ಕೂತವರ ಪಾಡು ಇದು. 1966ರಲ್ಲಿ ಜೆಮಿನಿ-8 ನೌಕೆ ಸೆಕೆಂಡಿಗೆ ಒಂದು ಸುತ್ತಿನಂತೆ ಗಿರಕಿ ಹೊಡೆದಾಗ ನೀಲ್ ಆರ್ಮ್‌ಸ್ಟ್ರಾಂಗ್ ಅದನ್ನು ಹತೋಟಿಗೆ ತಂದ ಕಥೆಯನ್ನು ಆಮೇಲೆ ತರಗತಿಯಲ್ಲಿ ಹೇಳುವಾಗ ಈ ಶಿಕ್ಷಕರ ದನಿಯೇ ಬೇರೆ ಇರುತ್ತದೆಂದು ನಂಬಬಹುದು. ಸೋಜಿಗವೆಂದರೆ ಈ ಬಳೆ ಯಂತ್ರದಲ್ಲಿ ವಾಂತಿಯಾಗುವುದು ಅಪರೂಪ. ಹೊಟ್ಟೆ ಹೆಚ್ಚೂಕಡಿಮೆ ಯಂತ್ರದ ನಡುಬಿಂದುವಿನಲ್ಲೇ ಉಳಿಯುತ್ತದೆ. ಒಂದೇ ದಿಕ್ಕಿನ ತಿರುಗಾಟ ಬಹಳ ಹೊತ್ತು ನಡೆಯದ ಕಾರಣ ಒಳಕಿವಿಯ ದ್ರವಕ್ಕೆ ಆ ಸುತ್ತು ಹಿಡಿಯಲು ಸಮಯವೇ ಸಿಗುವುದಿಲ್ಲ. ಜಾತ್ರೆಯ ತೊಟ್ಟಿಲಲ್ಲಿ ತಲೆ ಸುತ್ತುವವರೂ ಇಲ್ಲಿ ನಗುತ್ತ ಇಳಿಯುತ್ತಾರೆ.

ಆದರೆ ಶಿಬಿರದ ತಿರುಳು ಯಂತ್ರದಲ್ಲಿಲ್ಲ, ಅಣಕು ಯಾನದಲ್ಲಿದೆ. ಶಿಕ್ಷಕರನ್ನು ತಂಡಗಳಾಗಿ ಒಡೆದು ಒಬ್ಬರನ್ನು ಕಮಾಂಡರ್, ಇನ್ನೊಬ್ಬರನ್ನು ಪೈಲಟ್, ಮತ್ತೊಬ್ಬರನ್ನು ನೆಲದ ನಿಯಂತ್ರಣ ಕೊಠಡಿಯ ಮುಖ್ಯಸ್ಥ ಎಂದು ಕೂರಿಸುತ್ತಾರೆ. ಕೈಯಲ್ಲಿ ದಪ್ಪನೆಯ ಕಡತ, ಕಿವಿಗೆ ಹೆಡ್‌ಸೆಟ್, ಎದುರಿಗೆ ಸಾಲು ಸಾಲು ಗುಂಡಿಗಳು. ಹಾರಿದ ಸ್ವಲ್ಪ ಹೊತ್ತಿಗೇ ಶಿಬಿರದವರು ಬೇಕೆಂದೇ ತೊಂದರೆ ತಂದಿಡುತ್ತಾರೆ: ಎಲ್ಲೋ ಸೋರಿಕೆ, ಯಾವುದೋ ಯಂತ್ರ ಬಂದ್. ಉತ್ತರ ಕಡತದ ಯಾವುದೋ ಪುಟದಲ್ಲಿದೆ, ಹುಡುಕಲು ಪುರುಸೊತ್ತಿಲ್ಲ. ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತು 'ಇಷ್ಟೂ ಗೊತ್ತಾಗಲ್ವೇನೋ' ಎಂದವರು ಈಗ ಎಲ್ಲರೆದುರು ಗೊತ್ತಿಲ್ಲದೆ ತಡಬಡಾಯಿಸಬೇಕು. ನನ್ನ ಮಟ್ಟಿಗೆ ಈ ಶಿಬಿರದ ನಿಜವಾದ ಪಠ್ಯ ಇದೇ. ಕಕ್ಷೆ, ಗುರುತ್ವ, ಒತ್ತಡಗಳನ್ನು ಪುಸ್ತಕದಲ್ಲೂ ಓದಬಹುದು. ಹಿಂದಿನ ಬೆಂಚಿನ ಹುಡುಗನ ಎದೆಬಡಿತವನ್ನು ಓದಿ ತಿಳಿಯಲಾಗುವುದಿಲ್ಲ.

ಮರಳಿ ಒಯ್ಯಲು ಸಿಗುವುದು ಅಗ್ಗದ ಪ್ರಯೋಗಗಳು. ಒಂದು ಹಸಿ ಮೊಟ್ಟೆಯನ್ನು ಬೆಂಕಿಯಿಂದ ಕಾಪಾಡುವುದು ಅವುಗಳಲ್ಲಿ ಹೆಸರುವಾಸಿ. ಭೂಮಿಗೆ ಮರಳುವ ನೌಕೆಯ ಮುಂದೆ ಗಾಳಿ ವಿಪರೀತ ಅದುಮಿಕೊಂಡು ಕೆಂಡವಾಗುತ್ತದೆ. ಅಪೊಲೊ ನೌಕೆಯ ತಳದ ಹೊದಿಕೆ ತಾನು ಸುಟ್ಟು ಉದುರುತ್ತ ಆ ಶಾಖವನ್ನು ತನ್ನೊಡನೆ ಒಯ್ಯುತ್ತಿತ್ತು. ಅದೇ ಲೆಕ್ಕದಲ್ಲಿ ತಂಡಗಳು ಅಲ್ಯೂಮಿನಿಯಂ ಹಾಳೆ, ತಾಮ್ರದ ಜಾಲರಿಯಂಥ ಸಾಮಾನಿನಿಂದ ಗುರಾಣಿ ಕಟ್ಟಿ, ಹಿಂದೆ ಮೊಟ್ಟೆ ಇಟ್ಟು, ಗ್ಯಾಸ್ ಟಾರ್ಚಿನ ಉರಿಗೆ ಒಡ್ಡುತ್ತವೆ. ದಪ್ಪ ಹೊದಿಸಿದವರೇ ಗೆಲ್ಲುತ್ತಾರೆ ಎನ್ನುವಂತಿಲ್ಲ. ಪದರಗಳ ನಡುವೆ ಗಾಳಿಗೆ ಜಾಗ ಬಿಟ್ಟವರ ಮೊಟ್ಟೆ ಹಸಿಯಾಗಿಯೇ ಉಳಿಯಬಹುದು.

ಶಿಕ್ಷಕರಿಗೂ ಬಾಹ್ಯಾಕಾಶಕ್ಕೂ ಇರುವ ನಂಟಿನಲ್ಲಿ ಒಂದು ದೊಡ್ಡ ಗಾಯವಿದೆ. ನ್ಯೂ ಹ್ಯಾಂಪ್‌ಶೈರ್‌ನ ಸಮಾಜ ಪಾಠದ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಹನ್ನೊಂದು ಸಾವಿರಕ್ಕೂ ಹೆಚ್ಚು ಅರ್ಜಿಗಳಿಂದ ಆಯ್ಕೆಯಾಗಿ, ಕಕ್ಷೆಯಿಂದಲೇ ಪಾಠ ಮಾಡಲು ಹೊರಟಿದ್ದರು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿನಲ್ಲಿ ಛಿದ್ರವಾಯಿತು. ಅವರ ಬದಲಿಯಾಗಿ ತಯಾರಾಗಿದ್ದ ಐಡಾಹೊದ ಶಿಕ್ಷಕಿ ಬಾರ್ಬರಾ ಮಾರ್ಗನ್ 2007ರಲ್ಲಿ ಹಾರಿದರು. ಮೆಕಾಲಿಫ್ ಮಾಡಬೇಕಿದ್ದ ಪಾಠಗಳಲ್ಲಿ ಕೆಲವನ್ನು 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮಾಡಿ ಮುಗಿಸಿದವರು ಜೋ ಅಕಾಬಾ, ರಿಕಿ ಆರ್ನಾಲ್ಡ್. ಇಬ್ಬರೂ ಹಿಂದೆ ಮೇಷ್ಟ್ರುಗಳೇ. ಇವರ ಜತೆ 2004ರಲ್ಲಿ ಆಯ್ಕೆಯಾದ ಡಾಟಿ ಮೆಟ್‌ಕಾಫ್-ಲಿಂಡನ್‌ಬರ್ಗರ್ ಎಳೆಯ ವಯಸ್ಸಿನಲ್ಲಿ ಹಂಟ್ಸ್‌ವಿಲ್ ಶಿಬಿರಕ್ಕೆ ಬಂದಿದ್ದ ಹುಡುಗಿ. ವಿಜ್ಞಾನ ಶಿಕ್ಷಕಿಯಾದ ಮೇಲೆ, ಗಗನಯಾತ್ರಿಗಳು ಶೌಚಕ್ಕೆ ಏನು ಮಾಡುತ್ತಾರೆ ಎಂದು ತರಗತಿಯಲ್ಲಿ ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾಸಾದ ಶಿಕ್ಷಕ-ಗಗನಯಾತ್ರಿ ಪ್ರಕಟಣೆ ಕಂಡರು, ಅರ್ಜಿ ಹಾಕಿದರು, 2010ರಲ್ಲಿ ಹಾರಿಯೂ ಬಂದರು. ತಲೆಹರಟೆ ಪ್ರಶ್ನೆ ಎಂದು ಮಗುವನ್ನು ಗದರಿಸಿ ಕೂರಿಸಿದ್ದರೆ?

ಇನ್ನು ನಮ್ಮಲ್ಲಿಗೆ ಬಂದರೆ, ಇಸ್ರೊದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. 2019ರಲ್ಲಿ ಅದು ಆರಂಭಿಸಿದ 'ಯುವಿಕಾ' ಬೇಸಿಗೆ ಶಿಬಿರ ಒಳ್ಳೆಯ ಕೆಲಸ, ಆದರೆ ಅದು ಮಕ್ಕಳಿಗಾಗಿ. ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಏಪ್ರಿಲ್-ಮೇ ಎಂದರೆ ಉತ್ತರಪತ್ರಿಕೆ ಮೌಲ್ಯಮಾಪನ, ಗಣತಿ, ಚುನಾವಣೆ ಬಂದರೆ ಮತಗಟ್ಟೆ. ಬಳೆ ಯಂತ್ರ, ಸಿಮ್ಯುಲೇಟರುಗಳನ್ನು ಪ್ರತಿ ಜಿಲ್ಲೆಗೂ ತರುವುದು ಆಗದ ಮಾತು. ಶಾಖದ ಗುರಾಣಿಗೆ ಮಾತ್ರ ಹಂಟ್ಸ್‌ವಿಲ್‌ಗೆ ಹೋಗಬೇಕಿಲ್ಲ. ಮೊಟ್ಟೆ ನಮ್ಮ ಶಾಲೆಗಳಲ್ಲಿ ಬೇರೆಯೇ ಚರ್ಚೆ ಎಬ್ಬಿಸೀತು ಎನ್ನುವವರಿಗೆ ನಾಸಾದ ಕೈಪಿಡಿಯಲ್ಲಿ ಇನ್ನೊಂದು ದಾರಿಯಿದೆ: ಮರದ ಕಡ್ಡಿಗೆ ಸ್ಕ್ರೂ ಒಂದನ್ನು ಹಾಟ್‌ಗ್ಲೂನಿಂದ ಅಂಟಿಸಿ, ಗುರಾಣಿಯ ಹಿಂದಿಟ್ಟು, ಉರಿಗೆ ಅಂಟು ಕರಗುವವರೆಗಿನ ಸೆಕೆಂಡುಗಳನ್ನು ಎಣಿಸುವುದು. ಜಾಲರಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕೀತು. ಟಾರ್ಚು ಊರಿನ ಫ್ರಿಜ್ ರಿಪೇರಿಯವನ ಬಳಿ ಇರುತ್ತದೆ. ಅದನ್ನು ಹಿಡಿಯುವ ಕೆಲಸವನ್ನೂ ಅವನಿಗೇ ವಹಿಸಿ, ಮಕ್ಕಳನ್ನು ನಾಲ್ಕು ಮಾರು ದೂರ ನಿಲ್ಲಿಸುವುದು ಕ್ಷೇಮ.