ನಿಮಗಿದು ಗೊತ್ತೆ? ‘ವಿಪರೀತ’ ಒಮ್ಮೆ ಹೊಗಳಿಕೆಯಾಗಿತ್ತು!

ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರ ಇರುವುದು ಮಲಪ್ರಭೆಯ ದಂಡೆಯಲ್ಲಿ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ್ದು. 2009ರಲ್ಲೂ 2019ರಲ್ಲೂ ಮಲಪ್ರಭೆ ಉಕ್ಕಿದಾಗ ಈ ಸೀಮೆಯವರ ಬಾಯಲ್ಲಿದ್ದ ಮಾತು ‘ವಿಪರೀತ ಮಳಿ’. ಅಂದರೆ ಅತಿಯಾದ, ಮಿತಿಮೀರಿದ, ಸಿಕ್ಕಾಪಟ್ಟೆ ಮಳೆ.

ಆದರೆ ಈ ಗುಣವಾಚಕದ ಮೂಲಾರ್ಥ ‘ಅತಿ’ ಅಲ್ಲ, ‘ತಿರುಗುಮುರುಗು’. ಸಂಸ್ಕೃತದ ವಿ, ಪರಿ ಎಂಬ ಉಪಸರ್ಗಗಳಿಗೆ ‘ಹೋದದ್ದು’ ಎಂಬರ್ಥದ ‘ಇತ’ ಸೇರಿ ಆದ ಪದ ಇದು. ವಿರುದ್ಧ, ಪ್ರತಿಕೂಲ, ತಲೆಕೆಳಗಾದ, ಆಡುಮಾತಿನ ಉಲ್ಟಾ ಎಲ್ಲವೂ ಇದರ ನೆಂಟರೇ. ‘ವಿಪರೀತ ಬುದ್ಧಿ’ ಎಂದಾಗ ಬುದ್ಧಿ ಹೆಚ್ಚಾಯಿತೆಂದಲ್ಲ, ಕೆಟ್ಟಿತೆಂದು! ವಾಡಿಕೆಗಿಂತ ಬೇರೆಯಾದದ್ದು ಕಣ್ಣಿಗೆ ಅತಿಯಾಗಿ ಕಂಡು, ಅರ್ಥ ಮೆಲ್ಲಗೆ ಜಾರಿರಬೇಕು.

ಇನ್ನೂ ಸ್ವಾರಸ್ಯದ್ದು ಬಾದಾಮಿಯ ಬಂಡೆಯಲ್ಲಿದೆ. ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ ಆ ವೀರನನ್ನು ‘ಕಲಿಯುಗ ವಿಪರೀತ’ ಎಂದು ಕೊಂಡಾಡುತ್ತದೆ. ಕೆಟ್ಟ ಕಾಲಕ್ಕೆ ಎದುರಾಗಿ ನಿಂತವನು, ಕಲಿಯುಗಕ್ಕೆ ಅಪವಾದವಾದವನು ಎಂದು ತಾತ್ಪರ್ಯ. ಇಂದು ಯಾರನ್ನಾದರೂ ‘ವಿಪರೀತದ ಮನುಷ್ಯ’ ಎಂದರೆ ಜಗಳಕ್ಕೇ ಬಂದಾರು.

ಅದೇ ಶಾಸನದ ‘ಸಾಧು’ವೂ ಹೀಗೇ ಬಹುರೂಪಿ: ಸಾಧು ಹಸುವೆಂದರೆ ಸೌಮ್ಯ, ವ್ಯಾಕರಣದಲ್ಲಿ ಸಾಧುರೂಪವೆಂದರೆ ಸರಿಯಾದದ್ದು, ಮಠದಲ್ಲಾದರೆ ವಿರಕ್ತ. ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿ ಸಿಗುವುದೂ ಈ ಹತ್ತು ಸಾಲಿನ ಶಾಸನದಲ್ಲೇ. ಶಿವಯೋಗ ಮಂದಿರಕ್ಕೆ ಹೋದವರು ಬಾದಾಮಿಯ ಗುಹೆಗಳನ್ನಷ್ಟೇ ನೋಡಿ ಮರಳಬೇಡಿ, ಈ ಬಂಡೆಯನ್ನೂ ಕೇಳಿಕೊಂಡು ಹೋಗಿ.