ಅರವತ್ತೈದನೆಯ ವರ್ಷದ ಕರೆ

ಇಂಗ್ಲೆಂಡಿನಲ್ಲಿ 65 ವರ್ಷ ತುಂಬುವ ಪ್ರತಿಯೊಬ್ಬ ಪುರುಷನಿಗೂ ಆ ವರ್ಷ ಸರ್ಕಾರದ ಆರೋಗ್ಯಸೇವೆಯಿಂದ ಒಂದು ಕಾಗದ ಬರುತ್ತದೆ. ಯಾವ ನೋವನ್ನೂ ಹೇಳಿಕೊಳ್ಳದೆ, ಯಾವ ವೈದ್ಯನನ್ನೂ ಅರಸದೆ, ತನ್ನ ಪಾಡಿಗೆ ತಾನು ನೆಮ್ಮದಿಯಿಂದಿರುವ ಮನುಷ್ಯನನ್ನು ಕರೆದು, ಅವನ ಉದರದೊಳಗಿನ ಒಂದು ರಕ್ತನಾಳದ ಅಗಲವನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಅಳೆಯುವುದೇ ಆ ಕಾಗದದ ಉದ್ದೇಶ. ರೋಗಿಯು ವೈದ್ಯನ ಬಾಗಿಲಿಗೆ ಹೋಗುವುದು ಲೋಕದ ಪುರಾತನ ಕ್ರಮವಾಗಿರಲು, ವೈದ್ಯನೇ ನಿರೋಗಿಯ ಬಾಗಿಲನ್ನು ತಟ್ಟುವ ಈ ಕಾರ್ಯವು ಅತ್ಯಂತ ಗುರುತರವಾದದ್ದು. ಕರೆಯುವವನು ಉಪಕಾರವನ್ನು ಮಾತ್ರವಲ್ಲದೆ ತಾನು ತಂದೊಡ್ಡಬಹುದಾದ ಅಪಾಯವನ್ನೂ ಮೊದಲೇ ತೂಗಿ ನೋಡಿರಬೇಕು.

ಹೃದಯದಿಂದ ಹೊರಟು ಬೆನ್ನೆಲುಬಿನ ಮುಂಭಾಗದಲ್ಲಿ ಇಳಿದುಬರುವ ಮಹಾಧಮನಿಯು ಉದರದಲ್ಲಿ ಸಾಮಾನ್ಯವಾಗಿ ಸುಮಾರು 2 ಸೆಂ.ಮೀ. ಅಗಲವಿರುತ್ತದೆ. ವಯಸ್ಸು, ಧೂಮಪಾನ, ರಕ್ತದೊತ್ತಡ, ವಂಶದ ಗುಣ ಇವುಗಳಿಂದ ಅದರ ಭಿತ್ತಿಯು ಬಲಗುಂದಿದಾಗ, ಸವೆದ ಸೈಕಲ್ ಟ್ಯೂಬು ಒಂದೆಡೆ ಉಬ್ಬಿಕೊಳ್ಳುವಂತೆ ಅದೂ ಉಬ್ಬುತ್ತದೆ, 3 ಸೆಂ.ಮೀ. ಮುಟ್ಟಿದರೆ ವೈದ್ಯರು ಅದನ್ನು ಅನ್ಯೂರಿಸಂ ಎನ್ನುತ್ತಾರೆ. ವರ್ಷಾನುಗಟ್ಟಲೆ ಯಾವ ಸೂಚನೆಯನ್ನೂ ಕೊಡದೆ ಬೆಳೆಯುವ ಈ ಉಬ್ಬು ಒಡೆದುದಾದರೆ, ಹತ್ತರಲ್ಲಿ ಎಂಟು ಮಂದಿ ಬದುಕುವುದಿಲ್ಲ. ಅನೇಕರು ಆಸ್ಪತ್ರೆಯನ್ನೇ ತಲಪುವುದಿಲ್ಲ. ಆಲ್ಬರ್ಟ್ ಐನ್‌ಸ್ಟೈನ್ ಅವರು 1955ರ ಏಪ್ರಿಲ್‌ನಲ್ಲಿ ತೀರಿಕೊಂಡದ್ದು ಇದರಿಂದಲೇ. ಏಳು ವರ್ಷ ಮುಂಚೆ, 1948ರಲ್ಲಿ, ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯರು ಆ ಉಬ್ಬನ್ನು ಕಂಡು ಅದರ ಸುತ್ತ ಸೆಲೋಫೇನ್ ಹಾಳೆಯನ್ನು ಸುತ್ತಿದ್ದರು. ಅಂದಿನ ವಿದ್ಯೆಗೆ ಸಾಧ್ಯವಾದದ್ದು ಅಷ್ಟೇ. ಕೆಟ್ಟ ಭಾಗವನ್ನು ತೆಗೆದು ಬೇರೆ ನಾಳವನ್ನು ಜೋಡಿಸುವ ಶಸ್ತ್ರಕ್ರಿಯೆಯನ್ನು ಪ್ಯಾರಿಸ್ಸಿನ ಶಾರ್ಲ್ ದ್ಯುಬೋಸ್ಟ್ ಅವರು 1951ರಲ್ಲಿ ನೆರವೇರಿಸಿದ ಮೇಲೆಯೇ ಪರಿಹಾರದ ದಾರಿ ತೆರೆಯಿತು. ಒಪ್ಪಿತವಾದ ಚಿಕಿತ್ಸೆಯಿಲ್ಲದ ರೋಗವನ್ನು ಜನಸಮೂಹದಲ್ಲಿ ಹುಡುಕಬಾರದೆಂಬ ತತ್ತ್ವವನ್ನು ವಿಲ್ಸನ್ ಮತ್ತು ಯುಂಗ್ನರ್ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲಿ ನಿರೂಪಿಸಿದರು. ಐನ್‌ಸ್ಟೈನ್ ಅವರ ಪ್ರಸಂಗವು ಅದಕ್ಕೆ ಸಾಕ್ಷ್ಯದಂತಿದೆ.

ಚಿಕಿತ್ಸೆಯಿದ್ದ ಮಾತ್ರಕ್ಕೆ ಹುಡುಕಾಟವು ಸಾರ್ಥಕವಾಗುವುದೆಂದೇನೂ ಇಲ್ಲ. ಅದನ್ನು ಪರೀಕ್ಷಿಸಿಯೇ ತಿಳಿಯಬೇಕೆಂದು ಇಂಗ್ಲೆಂಡಿನ ಚಿಚೆಸ್ಟರಿನಲ್ಲಿ ಅಲನ್ ಸ್ಕಾಟ್ ಮೊದಲಾದವರು 1988ರಿಂದ ಆರಂಭಿಸಿದ ಪ್ರಯತ್ನವು, 1997ರಿಂದ 1999ರವರೆಗೆ ಪೋರ್ಟ್ಸ್‌ಮತ್, ಸೌತಾಂಪ್ಟನ್, ವಿಂಚೆಸ್ಟರ್, ಆಕ್ಸ್‌ಫರ್ಡ್ ಈ ನಾಲ್ಕು ಪ್ರದೇಶಗಳಲ್ಲಿ 65ರಿಂದ 74 ವಯಸ್ಸಿನ 67,800 ಪುರುಷರನ್ನು ಒಳಗೊಂಡ ಮಹಾಪರೀಕ್ಷೆಯಾಗಿ ವಿಸ್ತರಿಸಿತು. ಅರ್ಧದಷ್ಟು ಜನರನ್ನು ಸ್ಕ್ಯಾನಿಂಗಿಗೆ ಕರೆದರು, ಉಳಿದರ್ಧವನ್ನು ಕರೆಯಲಿಲ್ಲ. ಬಂದವರಲ್ಲಿ ನೂರಕ್ಕೆ ಸುಮಾರು ಐವರಲ್ಲಿ ಉಬ್ಬು ಕಂಡಿತು. ನಾಲ್ಕು ವರ್ಷಗಳ ಕೊನೆಗೆ ಲೆಕ್ಕ ಹಾಕಿದಾಗ, ಕರೆಯದ ಗುಂಪಿನಲ್ಲಿ 113 ಮಂದಿಯೂ ಕರೆದ ಗುಂಪಿನಲ್ಲಿ 65 ಮಂದಿಯೂ ಈ ರೋಗದಿಂದ ಮಡಿದಿದ್ದರು. 2002ರಲ್ಲಿ ಪ್ರಕಟವಾದ ಈ ಫಲವೇ ಇಂಗ್ಲೆಂಡಿನಲ್ಲಿ 2009ರಲ್ಲಿ ಮೊದಲಾಗಿ 2013ರ ಹೊತ್ತಿಗೆ ದೇಶವ್ಯಾಪಿಯಾದ ತಪಾಸಣೆಗೆ ಮುಖ್ಯ ಆಧಾರ. 13 ವರ್ಷಗಳ ಅವಧಿಯಲ್ಲಿ ಒಂದು ಸಾವನ್ನು ತಪ್ಪಿಸಲು 216 ಮಂದಿಯನ್ನು ಕರೆಯಬೇಕೆಂಬುದು ಆ ಪರೀಕ್ಷೆಯ ಅನಂತರದ ಲೆಕ್ಕ.

ಒಂದು ಪ್ರಾಣವು ಅಮೂಲ್ಯವೆಂಬುದು ದಿಟ. ಆದರೆ ಉಳಿದವರನ್ನು ಮರೆಯುವುದು ನ್ಯಾಯವಲ್ಲ. ಉಬ್ಬು ಕಂಡವರ ಪೈಕಿ ಹೆಚ್ಚಿನವರದು ಚಿಕ್ಕದು. 4.4 ಸೆಂ.ಮೀ.ವರೆಗಿನವರು ವರ್ಷಕ್ಕೊಮ್ಮೆಯೂ 5.4ರವರೆಗಿನವರು ಮೂರು ತಿಂಗಳಿಗೊಮ್ಮೆಯೂ ಅಳತೆಗೆ ಬರುತ್ತಿರಬೇಕು. 5.5 ಮುಟ್ಟುವುದಕ್ಕೆ ಮುಂಚೆ ಶಸ್ತ್ರಕ್ರಿಯೆ ಮಾಡುವುದರಿಂದ ಆಯುಷ್ಯವೇನೂ ಹೆಚ್ಚುವುದಿಲ್ಲವೆಂದು ಬ್ರಿಟನ್ನಿನ ಇನ್ನೊಂದು ಪರೀಕ್ಷೆಯು 1998ರಲ್ಲಿ ತೋರಿಸಿತು. ಅಂದರೆ, ನಿನ್ನೆಯ ತನಕ ಆರೋಗ್ಯವಂತನೆಂದು ತಿಳಿದಿದ್ದವನು ಇಂದಿನಿಂದ ಮೊದಲುಗೊಂಡು, ಎಂದೂ ಒಡೆಯದಿರಬಹುದಾದ ಒಂದು ಉಬ್ಬಿನ ಚಿಂತೆಯನ್ನು ಹೊತ್ತು ಬಾಳಬೇಕು. ಶಸ್ತ್ರಕ್ರಿಯೆಗೆ ಒಳಗಾಗುವವರಲ್ಲಿಯೂ ಕೆಲವರು ಅದರಿಂದಲೇ ಮಡಿಯುವುದುಂಟು. ಕರೆಯುವ ಕಾಗದವು ಇದನ್ನೂ ಬಿಚ್ಚಿ ಹೇಳತಕ್ಕದ್ದು. ಹೇಳಿದ ಮೇಲೆ ಬಾರದಿರುವ ಸ್ವಾತಂತ್ರ್ಯವನ್ನು ಗೌರವಿಸತಕ್ಕದ್ದು.

ಇನ್ನೊಂದು ವಿಚಾರವು ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ: ಹುಡುಕುವ ರೋಗವೇ ವಿರಳವಾದಂತೆ ಹುಡುಕಾಟದ ಲಾಭವೂ ಕುಗ್ಗುತ್ತದೆ. ನೂರಕ್ಕೆ ಐದರಷ್ಟಿದ್ದ ಉಬ್ಬಿನ ಪ್ರಮಾಣವು ಇಂಗ್ಲೆಂಡಿನಲ್ಲಿ ಈಗ ಸುಮಾರು ಒಂದಕ್ಕೆ ಇಳಿದಿದೆ. ಸ್ವೀಡನ್ನಿನಲ್ಲಿ ಈ ರೋಗದ ಸಾವುಗಳು ಇಳಿದುದಕ್ಕೆ ತಪಾಸಣೆಗಿಂತ ಧೂಮಪಾನದ ಇಳಿಕೆಯೇ ಬಹುಮಟ್ಟಿಗೆ ಕಾರಣವೆಂದು 2018ರ ಅಧ್ಯಯನವೊಂದು ಅಭಿಪ್ರಾಯಪಟ್ಟಿತು. ಅಮೆರಿಕದ ತಜ್ಞಮಂಡಲಿಯಂತೂ 65ರಿಂದ 75 ವಯಸ್ಸಿನೊಳಗಿನ, ಎಂದಾದರೂ ಧೂಮಪಾನ ಮಾಡಿದ್ದ ಪುರುಷರಿಗೇ ಈ ತಪಾಸಣೆಯನ್ನು ಮುಖ್ಯವಾಗಿ ಶಿಫಾರಸು ಮಾಡುತ್ತದೆ.

ಭಾರತದಲ್ಲಿ ಇಂತಹ ರಾಷ್ಟ್ರೀಯ ತಪಾಸಣೆಯಿಲ್ಲ. ಬ್ರಿಟನ್ನಿನ ಲೆಸ್ಟರ್ ನಗರದಲ್ಲಿ ಅಳೆದಾಗಲೂ ದಕ್ಷಿಣ ಏಷ್ಯಾ ಮೂಲದ ಪುರುಷರಲ್ಲಿ ಈ ಉಬ್ಬು ಬಿಳಿಯರಿಗಿಂತ ಬಹು ವಿರಳವೆಂದು ಕಂಡುಬಂದಿತು. ಆದುದರಿಂದ ಅಲ್ಲಿಯ ಏರ್ಪಾಡನ್ನು ಇಲ್ಲಿ ಹಾಗೆಯೇ ತಂದಿಡಬೇಕೆಂದು ನಾನು ವಾದಿಸುವುದಿಲ್ಲ. ಆದರೆ ಬಹುಕಾಲ ಬೀಡಿ, ಸಿಗರೇಟು ಸೇದಿರುವ ಹಿರಿಯರೂ, ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗವಿದ್ದವರೂ, ಮೂತ್ರಪಿಂಡದ ಕಲ್ಲಿಗೋ ಪಿತ್ತಕೋಶದ ಕಲ್ಲಿಗೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುವ ಪ್ರಸಂಗ ಬಂದಾಗ, ಮಹಾಧಮನಿಯ ಅಗಲವನ್ನೂ ಅಳೆದು ವರದಿಯಲ್ಲಿ ಬರೆಯುವಂತೆ ವೈದ್ಯರನ್ನು ದಯಮಾಡಿ ಕೇಳಿಕೊಳ್ಳಿ.