ಎಂಟನೇ ಬಿ, ಬಾಗಿಲ ಪಕ್ಕದ ಬೆಂಚು

ಮಕ್ಕಳೆಲ್ಲ ಮನೆಗೆ ಹೋದ ಮೇಲಾದರೆ ಬರುತ್ತೇನೆ ಅಂತ ಹುಡುಗಿ ಮೊದಲೇ ಹೇಳಿದ್ದಳು. ಹಾಗಾಗಿ ಶನಿವಾರವನ್ನೇ ಆರಿಸಿಕೊಂಡೆವು. ಅರ್ಧ ದಿನದ ಶಾಲೆ ಬಿಟ್ಟು, ಕೊನೆಯ ಸೈಕಲ್ಲೂ ತಿರುವು ದಾಟುವವರೆಗೆ ಎದುರಿನ ಗೂಡಂಗಡಿಯ ನೆರಳಲ್ಲಿ ನಿಂತಿದ್ದೆವು. ನನ್ನ ತಂಗಿ, ಅವಳ ಹದಿಮೂರು ವರ್ಷದ ಮಗಳು, ನಾನು. ತಂಗಿಯ ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು, ಅದರಲ್ಲಿ ಡಾಕ್ಟರ ಚೀಟಿ ಮತ್ತು ಎರಡು ಪ್ರತಿ ಅರ್ಜಿ. ಮೂರು ವಾರದಿಂದ ಹುಡುಗಿ ಈ ಗೇಟು ದಾಟಿರಲಿಲ್ಲ.

ಶುರುವಾದದ್ದು ಹೊಟ್ಟೆನೋವಿನಿಂದ. ಬೆಳಿಗ್ಗೆ ಎಂಟಕ್ಕೆ ಬರುವ ನೋವು ಹತ್ತೂವರೆಗೆ ತಾನಾಗಿಯೇ ಇಳಿಯುತ್ತಿತ್ತು, ಭಾನುವಾರ ಬರುತ್ತಲೇ ಇರಲಿಲ್ಲ. ನಾಟಕ ಅಂದರು, ದೃಷ್ಟಿಯಾಗಿದೆ ಅಂದರು, ತಾಯತವೂ ಆಯಿತು. ಒಂದು ದಿನ ತರಗತಿಯಲ್ಲೇ ಉಸಿರು ಕಟ್ಟಿ, ಕೈಬೆರಳು ಸೆಟೆದುಕೊಂಡು, ಸತ್ತೇ ಹೋಗುತ್ತೇನೆ ಅಂತ ಕೂಗಿದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ನೋಡಿದ ಮನೋವೈದ್ಯರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮೊದಲು ಮಾಡಿ ನೋಡಿ, 1996ರಿಂದ ದೇಶ ಹಂತಹಂತವಾಗಿ ಎತ್ತಿಕೊಂಡ ಪದ್ಧತಿ ಇದು. ಇಂಥ ಹೊತ್ತಿನಲ್ಲಿ ಆ ಡಾಕ್ಟರು ಬೆಂಗಳೂರಿನಲ್ಲಿಲ್ಲ, ನಮ್ಮ ಬಸ್ಸಿಗೆ ಎಟುಕುವಲ್ಲೇ ಇದ್ದಾರೆ ಅನ್ನುವುದು ಎಷ್ಟು ದೊಡ್ಡ ಧೈರ್ಯ ಅಂತ ಅನುಭವಿಸಿದವರಿಗೇ ಗೊತ್ತು. ಆತಂಕದ ತೊಂದರೆ, ಗುಣವಾಗುತ್ತದೆ, ಆದರೆ ಶಾಲೆಯವರೂ ಕೈ ಹಿಡಿಯಬೇಕು ಅಂದರಂತೆ ಅವರು. ಮಗು ಮನೆಯಲ್ಲಿ ಉಳಿದಷ್ಟೂ ದಿನ ಗೇಟು ಇನ್ನಷ್ಟು ಎತ್ತರವಾಗುತ್ತದೆ ಅಂತಲೂ ಹೇಳಿದರಂತೆ.

ಆ ಗೇಟೇ ಮೊದಲು. ದೊಡ್ಡ ಕಬ್ಬಿಣದ ಗೇಟು, ಅದರೊಳಗೆ ಒಬ್ಬರು ತಗ್ಗಿ ನುಸುಳುವಷ್ಟು ಚಿಕ್ಕ ಬಾಗಿಲು. ಪ್ರಾರ್ಥನೆ ಶುರುವಾದರೆ ಚಿಕ್ಕದನ್ನೂ ಹಾಕುತ್ತಾರೆ, ತಡವಾದವರು ಪ್ರಾರ್ಥನೆ ಮುಗಿಯುವವರೆಗೆ ಹೊರಗೆ, ಆಮೇಲೆ ಎಲ್ಲರೆದುರು ಸಾಲಾಗಿ ನಿಲ್ಲಬೇಕು. ಹುಡುಗಿ ಒಳಗೆ ಕಾಲಿಟ್ಟು, ಬಲಗಡೆ ಗೋಡೆಯ ಪಕ್ಕ ಸಿಮೆಂಟು ಕಿತ್ತುಬಂದ ಒಂದು ಜಾಗ ತೋರಿಸಿದಳು. "ಇಲ್ಲಿ ನಿಲ್ಲಿಸ್ತಾರೆ ದೊಡ್ಡಮ್ಮ." ನಾನೂ ಅಲ್ಲಿ ನಿಂತು ನೋಡಿದೆ. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ, ಎದುರಿಗೆ ಇಡೀ ಮೈದಾನ. ನಾನೂರು ಮಕ್ಕಳು ಸಾಲಾಗಿ ನಿಂತರೆ ಎಲ್ಲರ ಕಣ್ಣೂ ಇಲ್ಲಿಗೇ.

ಮೈದಾನ ದಾಟಿ ಮೂರು ಮೆಟ್ಟಿಲು ಹತ್ತಿದರೆ ಜಗಲಿ. ಕಂಬಕ್ಕೊಂದು ನುಡಿಮುತ್ತು, ಕಚೇರಿಯ ಕಿಟಕಿಯ ಮೇಲೆ ಮಕ್ಕಳ ಸಹಾಯವಾಣಿ 1098 ಅಂತ ಹಳದಿ ಬಣ್ಣದಲ್ಲಿ ದೊಡ್ಡದಾಗಿ ಬರೆದಿದೆ. 14416 ಎಲ್ಲೂ ಕಾಣಲಿಲ್ಲ. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ಇರುವ ಮಾನಸಿಕ ಆರೋಗ್ಯದ ಸಹಾಯವಾಣಿ. ದಿನದ ಇಪ್ಪತ್ತನಾಲ್ಕು ಗಂಟೆಯೂ ದುಡ್ಡಿಲ್ಲದೆ ಮಾತಾಡಬಹುದು, ಕನ್ನಡದಲ್ಲೇ. ಹಳದಿ ಬಣ್ಣ ಉಳಿದಿದ್ದರೆ ಅದನ್ನೂ ಕೆಳಗೆ ಬರೆಸಿ ಅಂತ ಕೇಳಬೇಕೆಂದು ಕೈಮೇಲೆ ಬರೆದುಕೊಂಡೆ.

ಹೆಡ್ ಮಾಸ್ಟರ ಕೋಣೆಗೆ ಹುಡುಗಿ ಬರಲಿಲ್ಲ, ಜಗಲಿಯ ಬೆಂಚಿನ ಮೇಲೆ ಕುಳಿತಳು. ಒತ್ತಾಯಿಸಲಿಲ್ಲ. ಒಳಗೆ ಅವರು, ಕ್ಲಾಸ್ ಟೀಚರು, ನಾವಿಬ್ಬರು. ಇವರು ಕೆಟ್ಟವರಲ್ಲ ಅನ್ನುವುದನ್ನು ಮೊದಲೇ ಹೇಳಬೇಕು. ನೀರು ತರಿಸಿದರು, ಫ್ಯಾನು ನಮ್ಮ ಕಡೆ ತಿರುಗಿಸಿದರು. ಆದರೆ ಮಾತು ಶುರುವಾದದ್ದು ಹೀಗೆ: "ನೋಡಿ ಅಮ್ಮ, ಇಂಥ ಮಕ್ಕಳಿಗೆ ಬೇರೆ ವ್ಯವಸ್ಥೆ ಇರೋ ಶಾಲೆ ನೋಡಿದ್ರೆ ಒಳ್ಳೇದೇನೋ. ಟಿ.ಸಿ. ಬೇಕಾದ್ರೆ ಇವತ್ತೇ ಕೊಡ್ತೀವಿ."

ತಂಗಿ ನನ್ನ ಮುಖ ನೋಡಿದಳು. ಹಿಂದಿನ ರಾತ್ರಿ ಇದಕ್ಕೇ ನಾವಿಬ್ಬರೂ ಕೂತು ಓದಿಕೊಂಡಿದ್ದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತೆಯೂ ಇಲ್ಲ, ಎರಡನ್ನೂ ಅದೇ ಕಾಯ್ದೆ ಒಂದೇ ಉಸಿರಲ್ಲಿ ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ನೂರಕ್ಕೆ 40ರಷ್ಟು ಅಥವಾ ಹೆಚ್ಚು ಅಂತ ಪ್ರಮಾಣಪತ್ರವಾದವರಿಗೆ ಇನ್ನಷ್ಟು ಸೌಲಭ್ಯಗಳಿವೆ. ನಮ್ಮ ಹುಡುಗಿಗೆ ಆ ಪತ್ರ ಬೇಕಾಗುತ್ತದೋ ಇಲ್ಲವೋ ಡಾಕ್ಟರೇ ಹೇಳಬೇಕು. ಆದರೆ ಬಾಗಿಲ ಪಕ್ಕದ ಬೆಂಚು ಕೇಳಲು ಯಾವ ಪತ್ರವೂ ಬೇಡ.

ತಂಗಿ ಕಾಯ್ದೆಯ ಹೆಸರೆತ್ತಲಿಲ್ಲ. "ಟಿ.ಸಿ. ಬೇಡ ಸರ್, ಅವಳಿಗೆ ಈ ಶಾಲೆ ಇಷ್ಟ. ನಾಲ್ಕೇ ನಾಲ್ಕು ವಿಷಯ ಬರ್ಕೊಂಡು ಬಂದಿದೀನಿ" ಅಂದು ಅರ್ಜಿ ಮುಂದಿಟ್ಟಳು. ಅಷ್ಟು ಮೆತ್ತಗೆ ಮಾತಾಡಬೇಕಿತ್ತೇ ಅಂತ ನನಗೆ ಆಗ ಕಸಿವಿಸಿಯಾಯಿತು. ಈಗ ಅವಳದೇ ಸರಿ ಅನ್ನಿಸುತ್ತದೆ. ಸೋಮವಾರದಿಂದ ಮಗು ಕೂರಬೇಕಾದದ್ದು ಇವರ ಕೈಕೆಳಗೆ.

ಬಾಗಿಲ ಪಕ್ಕ ಜಾಗ. ಉಸಿರು ಕಟ್ಟಿದಾಗ ಕೇಳದೆಯೇ ಐದು ನಿಮಿಷ ಹೊರಗೆ ಹೋಗಲು ಒಪ್ಪಿಗೆ. ಕೆಲವು ದಿನ ಪ್ರಾರ್ಥನೆ ಮುಗಿದ ಮೇಲೆ ಬರಲು ಅವಕಾಶ. ಏನಾದರೂ ಆದರೆ ಹೋಗಿ ಹೇಳಿಕೊಳ್ಳಲು ಒಬ್ಬರೇ ಒಬ್ಬ ಟೀಚರು. ಇಷ್ಟೇ ಅರ್ಜಿ.

"ಒಬ್ಬಳಿಗೆ ಬಿಟ್ರೆ ಎಲ್ಲರೂ ಕೇಳ್ತಾರೆ" ಅಂದರು ಹೆಡ್ ಮಾಸ್ಟರು. "ಕನ್ನಡಕದ ಹುಡುಗನ್ನ ಮುಂದೆ ಕೂರಿಸ್ತೀರಲ್ಲ ಸರ್, ಅದನ್ನ ಯಾರೂ ಕೇಳಲ್ಲವಲ್ಲ" ಅಂದಳು ತಂಗಿ. ಅವರು ಸುಮ್ಮನಾದರು. ಒಪ್ಪಿದರೋ, ಉತ್ತರ ಹೊಳೆಯಲಿಲ್ಲವೋ ತಿಳಿಯಲಿಲ್ಲ. ಕೌನ್ಸೆಲರ್ ಇದ್ದಾರೆಯೇ ಅಂತ ನಾನು ಕೇಳಿದೆ. ಇಲ್ಲ. ನೂರು ಅಥವಾ ಹೆಚ್ಚು ಮಕ್ಕಳಿರುವ ಕಡೆ ತರಬೇತಾದ ಆಪ್ತಸಮಾಲೋಚಕರೊಬ್ಬರು ಇರಬೇಕೆಂದು ದೇಶದ ಅತ್ಯುನ್ನತ ನ್ಯಾಯಾಲಯ 2025ರ ಜುಲೈನಲ್ಲಿ ಹೇಳಿದ್ದನ್ನು ನೆನಪಿಸಿದಾಗ, "ನಮಗೆ ಸೈನ್ಸ್ ಟೀಚರೇ ಇಲ್ಲ ಮೇಡಂ" ಅಂದರು. ಅವರ ಕಷ್ಟವೂ ಸುಳ್ಳಲ್ಲ.

ಅಷ್ಟುಹೊತ್ತು ಮಾತಾಡದಿದ್ದ ಕ್ಲಾಸ್ ಟೀಚರು ಎದ್ದು, "ತರಗತಿ ನೋಡಿಬಿಡೋಣ, ಅವಳೇ ತೋರಿಸಲಿ" ಅಂದರು. ಅರ್ಧ ಗಂಟೆಯಲ್ಲಿ ಕೇಳಿದ ಮೊದಲ ಒಳ್ಳೆಯ ಮಾತು ಇದು.

ಜಗಲಿಯುದ್ದಕ್ಕೂ ಹುಡುಗಿ ಮುಂದೆ, ನಾವು ಹಿಂದೆ. ಎಂಟನೇ ಬಿ ಕೊನೆಯ ಕೋಣೆ. ಅದರ ಬಾಗಿಲಿಗೆ ಮೂರೇ ಹೆಜ್ಜೆ ದೂರದಲ್ಲಿ, ಬೇವಿನ ಕೊಂಬೆಗೆ ತಂತಿ ಕಟ್ಟಿ ತೂಗುಹಾಕಿದ ರೈಲುಕಂಬಿಯ ತುಂಡು. ಅದೇ ಗಂಟೆ. ಮೊಳದುದ್ದದ ಕಂಬಿ, ಸುತ್ತಿಗೆ ಬಿದ್ದ ಕಡೆ ತುಕ್ಕು ಹೋಗಿ ಬೆಳ್ಳಗೆ ಹೊಳೆಯುತ್ತಿತ್ತು. ಅಟೆಂಡರು ಬೆರಳ ಗೆಣ್ಣಿನಿಂದ ಸುಮ್ಮನೆ ತಟ್ಟಿದರು, ಸಣ್ಣ ನಾದವೊಂದು ಬಂತು. ಹುಡುಗಿಯ ಭುಜ ಕಿವಿಯವರೆಗೂ ಏರಿತು. ಪ್ರತಿ ಪಿರಿಯಡ್ಡಿನ ಕೊನೆಗೆ ಇದು ಯಾವ ಗಳಿಗೆಯಲ್ಲಿ ಬಡಿಯುತ್ತದೋ ಅಂತ ಕಾಯುವುದರಲ್ಲೇ ಪಾಠ ಮುಗಿದುಹೋಗುತ್ತದಂತೆ. ಇದು ನಮ್ಮ ಅರ್ಜಿಯಲ್ಲಿರಲಿಲ್ಲ. ಡಾಕ್ಟರ ಚೀಟಿಯಲ್ಲೂ ಇರಲಿಲ್ಲ. ಅಟೆಂಡರು ಕಂಬಿಯನ್ನು ಕೈಯಲ್ಲಿ ಹಿಡಿದು ಅಲುಗಾಟ ನಿಲ್ಲಿಸಿ, "ಹೊಡೆಯೋಕ್ ಮುಂಚೆ ಕಿಟಕೀಲಿ ನಿಂಗೆ ಕೈ ತೋರಿಸ್ತೀನಿ ಬಿಡವ್ವ" ಅಂದರು. ಯಾರನ್ನೂ ಕೇಳಲಿಲ್ಲ, ಯಾರ ಸಹಿಯೂ ಬೇಕಾಗಲಿಲ್ಲ.

ಬಾಗಿಲು ಹಳೆಯ ಸಾಗುವಾನಿ, ಎರಡು ರೆಕ್ಕೆಯದು. ಪಾಠ ಶುರುವಾದ ಮೇಲೆ ಒಳಗಿನಿಂದ ಚಿಲಕ ಹಾಕುತ್ತಾರೆ, ಗಾಳಿಗೆ ಬಡಿಯುತ್ತದೆ ಅಂತ. ಹುಡುಗಿ ಚಿಲಕ ಎಳೆದು ತೋರಿಸಿದಳು. ಬಿಗಿ. ಎರಡು ಕೈ ಹಾಕಿದರೂ ಅರ್ಧಕ್ಕೆ ನಿಂತಿತು. ಉಸಿರು ಸಿಗದ ಮಗು, ಐವತ್ತು ಮಕ್ಕಳ ಕಣ್ಣೆದುರು ಈ ಚಿಲಕದ ಜೊತೆ ಗುದ್ದಾಡುವುದನ್ನು ನೆನೆದು ನನಗೆ ಗಂಟಲು ಕಟ್ಟಿತು. ಕ್ಲಾಸ್ ಟೀಚರು ಹೊರಗೆ ಹೋಗಿ, ಅರ್ಧ ಇಟ್ಟಿಗೆ ತಂದು ಬಾಗಿಲಿಗೆ ಒತ್ತುಕೊಟ್ಟು, ಹಿಂದೆ ಸರಿದು ನೋಡಿದರು. "ಇಷ್ಟು ಸಾಕಲ್ವಾ?"

ಕರಿಹಲಗೆಯ ಮೂಲೆಯಲ್ಲಿ ಹಾಜರಾತಿ ಇನ್ನೂ ಅಳಿಸಿರಲಿಲ್ಲ: ಒಟ್ಟು 56, ಹಾಜರು 49. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. 56 ಮಕ್ಕಳಲ್ಲಿ ನಾಲ್ವರು ಅಂದ ಹಾಗಾಯಿತು. ಬೆಂಚುಗಳನ್ನು ಸುಮ್ಮನೆ ನೋಡುತ್ತಾ ನಿಂತೆ. ಉಳಿದ ಮೂವರು ಎಲ್ಲಿ ಕೂರುತ್ತಾರೋ.

ಹೊರಗೆ ಹೋಗಬೇಕಾದಾಗ ಟೀಚರಿಗೆ ತಿಳಿಸುವುದು ಹೇಗೆ ಅನ್ನುವ ಪ್ರಶ್ನೆ ಬಂತು. ಕಾರ್ಡು ಕೊಡೋಣ ಅಂದೆ ನಾನು. ಹುಡುಗಿ ತಲೆಯಾಡಿಸಿದಳು, ಕಾರ್ಡು ಎಲ್ಲರಿಗೂ ಕಾಣುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಬ್ಯಾಗಿನಿಂದ ಕಾಂಪಾಸ್ ಬಾಕ್ಸ್ ತೆಗೆದು ಬೆಂಚಿನ ಮೇಲೆ ಬೋರಲು ಹಾಕಿದಳು. "ಇದು ಹಿಂಗಿದ್ರೆ ನಾನು ಹೋಗ್ತಿದೀನಿ ಅಂತ." ಟೀಚರು ಮೇಜಿನ ಹತ್ತಿರ ಹೋಗಿ ಕೂತು, ಅಲ್ಲಿಂದ ಬಾಕ್ಸ್ ಕಾಣುತ್ತದೆಯೇ ನೋಡಿ, ಬೆಂಚನ್ನು ಒಂದು ಗೇಣು ಈಚೆಗೆ ಎಳೆಸಿದರು.

ಹೊರಗೆ ಬಂದು ಎಲ್ಲಿ ಕೂರುವುದು? ಪ್ರಯೋಗಾಲಯಕ್ಕೆ ಬೀಗ, ಕ್ರೀಡಾ ಕೋಣೆಯಲ್ಲಿ ಹಳೆ ಬೆಂಚುಗಳ ರಾಶಿ. ಕುಡಿಯುವ ನೀರಿನ ನಲ್ಲಿಯ ಹಿಂದೆ ಗಿಡದ ಕಟ್ಟೆಯೊಂದಿದೆ, ನೆರಳಿದೆ, ಜಗಲಿಯಿಂದ ಅಟೆಂಡರ ಕಣ್ಣಿಗೂ ಬೀಳುತ್ತದೆ. ಅದೇ ಆಯಿತು.

ಸ್ಟಾಫ್ ರೂಮಿನ ಬಾಗಿಲಲ್ಲಿ ಟೀಚರು ತಂಗಿಯನ್ನು ಪಕ್ಕಕ್ಕೆ ಕರೆದು, ಎಲ್ಲ ಮೇಷ್ಟ್ರುಗಳಿಗೂ ಹೇಳಲೇ ಅಂತ ಕೇಳಿದರು. ಚಿಕಿತ್ಸೆ ಕೊಡುವವರು ರೋಗಿಯ ವಿವರ ಗುಟ್ಟಾಗಿಡಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ. ಶಾಲೆಯಲ್ಲಿ ಅದನ್ನು ನಾವೇ ಬಾಯಿಬಿಟ್ಟು ಕೇಳಿಕೊಳ್ಳಬೇಕು. ಬಾಕ್ಸಿನ ವಿಷಯ ಆ ತರಗತಿಗೆ ಬರುವ ಎಲ್ಲರಿಗೂ ಹೇಳಿ, ಮಾತ್ರೆಯ ವಿಷಯ ನಿಮ್ಮಲ್ಲೇ ಇರಲಿ ಅಂದಳು ತಂಗಿ. ಇದನ್ನು ಅವಳು ಮನೆಯಲ್ಲಿ ಮಗಳನ್ನು ಕೇಳಿಯೇ ಬಂದಿದ್ದಳು.

ಕಚೇರಿಯಲ್ಲಿ ಅರ್ಜಿಯ ಎರಡನೇ ಪ್ರತಿಗೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡೆವು. ಗುಮಾಸ್ತರು ಅದೆಲ್ಲ ಯಾಕೆ ಅಂದರು, ತಂಗಿ ನಗುತ್ತಲೇ ಅಲ್ಲೇ ನಿಂತಳು, ಹಾಕಿದರು. ಟೀಚರು ವರ್ಗವಾಗಿ ಹೋದರೆ ಈ ಕಾಗದವೇ ನಮಗೆ ಆಧಾರ. ಪ್ರಾರ್ಥನೆಯ ವಿಷಯಕ್ಕೆ ಮಾತ್ರ ಹೆಡ್ ಮಾಸ್ಟರು ಒಪ್ಪಲಿಲ್ಲ. ಶಿಸ್ತು ಅಂದರು. ಹದಿನೈದು ದಿನ ನೋಡಿ ಮತ್ತೆ ಬನ್ನಿ ಅಂದರು. 14416ರ ಮಾತಿಗೆ ತಲೆಯಾಡಿಸಿದರು, ಬರೆಸುತ್ತಾರೋ ಇಲ್ಲವೋ ಹೇಳಲಾರೆ.

ಗೇಟಿನ ಹತ್ತಿರ ತಂಗಿ ಫೈಲನ್ನು ಮೊಣಕಾಲ ಮೇಲಿಟ್ಟು, ಮೂರನೇ ಸಾಲಿನ ಪಕ್ಕ ಹದಿನೈದು ದಿನದ ಮುಂದಿನ ತಾರೀಖು ಬರೆದಳು. ಹುಡುಗಿ ಅಷ್ಟರಲ್ಲಿ ಆ ಸಿಮೆಂಟು ಕಿತ್ತ ಜಾಗದಲ್ಲಿ ಹೋಗಿ ನಿಂತು, ಖಾಲಿ ಮೈದಾನ ನೋಡುತ್ತಿದ್ದಳು. ಆಟೋದಲ್ಲಿ ಅರ್ಧ ದಾರಿ ಬಂದ ಮೇಲೆ, "ಅಮ್ಮ, ಸೋಮವಾರ ಸೆಕೆಂಡ್ ಪಿರಿಯಡ್ಡಿಗೆ ಹೋಗ್ಲಾ?" ಅಂತ ಕೇಳಿದಳು.